ಒಳಗಿನಿಂದ ಕೋಲು ಕುಟ್ಟುವವನು

ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ಪುತ್ತೂರಿನ ಬಸ್ಸು ಪೆರ್ಲದ ಪೇಟೆಯಲ್ಲಿ ಹಾರ್ನ್ ಹಾಕಿದ ಹೊತ್ತಿಗೆ, ನಾನು ಕುಟ್ಟಬೇಕಾಗಿದ್ದ ಕೋಲನ್ನು ಕುಟ್ಟಲಿಲ್ಲ.

ಮಾವನ ಅಡಿಕೆ ಗೋದಾಮಿನ ತಗಡಿನ ಮಾಡಿಗೆ ಡಾಂಬರು ಬಳಿಯುತ್ತಿದ್ದೆವು. ಎರಡನೆಯ ಮಹಾಯುದ್ಧ ಮುಗಿದಿದ್ದರೂ ಹೊಸ ತಗಡು ಸಿಗುತ್ತಿರಲಿಲ್ಲ. ಇದ್ದದ್ದು ತುಕ್ಕು ಹಿಡಿದು ಹಪ್ಪಳದ ಹಾಗಾಗಿತ್ತು. ಹಿಂದಿನ ಮಳೆಗಾಲದಲ್ಲಿ ಸೋರಿ ಅಡಿಕೆಗೆ ಬೂಸ್ಟು ಬಂದಿತ್ತು. ಈ ಸಲ ಮಳೆ ಹಿಡಿಯುವ ಮೊದಲೇ ಮುಗಿಸಬೇಕೆಂದು ಮಾವ ಹಟ ಹಿಡಿದಿದ್ದರು.

ಮಾಡಿನ ಮೇಲಿದ್ದವನು ನನ್ನ ಚಿಕ್ಕಮ್ಮನ ಮಗ. ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ವ್ಯಾಪಾರ ಅವರ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರಿಗೆ. ಅಳಿಯಂದಿರೆಂದರೆ ನಾವಿಬ್ಬರೇ. ನಾನು ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬರುವಷ್ಟರಲ್ಲಿ, ಎಂಟನೆಯ ತರಗತಿಗೇ ಓದು ಬಿಟ್ಟ ಅವನು ಮಾವನ ಬಲಗೈಯಾಗಿದ್ದ. ಅಡಿಕೆಯನ್ನು ಕಚ್ಚಿ ನೋಡಿ ಯಾರ ತೋಟದ್ದೆಂದು ಹೇಳುತ್ತಿದ್ದ. ಗಾಡಿಯವರು ಅವನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದರು. ನನ್ನ ಮುಂದೆ ಮಾತ್ರ ಮೇಷ್ಟ್ರ ಎದುರು ನಿಂತ ಹಾಗೆ ನಿಲ್ಲುತ್ತಿದ್ದರು. ಊಟಕ್ಕೆ ಕೂತಾಗ ಮಾವ ಮೊದಲು ಅವನ ಕಡೆಗೇ ನೋಡುತ್ತಿದ್ದರು. ನಾನು ಅದನ್ನು ದಿನವೂ ಗಮನಿಸುತ್ತಿದ್ದೆ.

ಗೋದಾಮಿನ ಬಾಗಿಲು ಮುಚ್ಚಿದರೆ ಒಳಗೆ ಕತ್ತಲು, ತಗಡಿನ ತೂತುಗಳೆಲ್ಲ ಬೆಳಕಿನ ಚುಕ್ಕಿಗಳು. ಒಳಗೆ ನಿಂತವನು ಚುಕ್ಕಿ ಕಂಡಲ್ಲಿ ಬಿದಿರಿನ ಕೋಲಿನಿಂದ ಒಮ್ಮೆ ಕುಟ್ಟಬೇಕು. ಮೇಲಿನವನು ಡಾಂಬರಿನಲ್ಲಿ ಅದ್ದಿದ ಗೋಣಿ ತುಂಡನ್ನು ಅಲ್ಲಿ ಹಚ್ಚುತ್ತಾನೆ. ಕಾಲಿಡಬಾರದ ತಗಡಾದರೆ ಮೂರು ಸಲ ಕುಟ್ಟಬೇಕು. ಮೊಳೆಯ ಸಾಲಿನ ಮೇಲೆ ನಡೆದರೆ ಅಡಿಯಲ್ಲಿ ಮರದ ತೊಲೆಯಿರುತ್ತದೆ, ಹೆದರಿಕೆಯಿಲ್ಲ. ಆದರೆ ಒಂದು ಕೈ ಡಾಂಬರು ಬಿದ್ದ ಮೇಲೆ ಮೊಳೆಯೂ ಕಾಣುವುದಿಲ್ಲ, ತುಕ್ಕೂ ಕಾಣುವುದಿಲ್ಲ. ಅಂದು ಎರಡನೆಯ ಕೈ ನಡೆದಿತ್ತು. ಮಾಡಿನ ನೆತ್ತಿಯಿಂದ ಮೂರನೆಯ ತಗಡು ಹಿಂದಿನ ದಿನ ಜರಡಿಯ ಹಾಗಿದ್ದದ್ದು ಒಳಗಿದ್ದ ನನಗೆ ಗೊತ್ತಿತ್ತು. ಮೇಲಿನವನಿಗೆ ಅದೂ ಉಳಿದವುಗಳ ಹಾಗೆ ಕಪ್ಪಗೆ ಹೊಳೆಯುವ ತಗಡು.

ಅಷ್ಟರಲ್ಲಿ ಅಂಗಳದಿಂದ ಮಾವನ ದನಿ ಕೇಳಿತು. ಯಾರೋ ಒಬ್ಬ ಗಾಡಿಯವನೊಡನೆ ಹೇಳುತ್ತಿದ್ದರು: “ಬಿ.ಎ. ಆದವನಿಗೆ ತೂತು ನೋಡುವ ಕೆಲಸ ಕೊಟ್ಟಿದ್ದೇನೆ. ಬೇರೆ ಎಂತ ಮಾಡಿಸುವುದು, ನೀನೇ ಹೇಳು ಮಾರಾಯ.”

“ಅಣ್ಣ ಒಳಗೆ ಇಲ್ಲದಿದ್ದರೆ ನಾನು ಕುರುಡ, ಮಾವ” ಎಂದ ಅವನು ಮೇಲಿನಿಂದ.

ಎಲ್ಲರೂ ನಕ್ಕರು. ಅವನು ನನ್ನ ಪರವಾಗಿಯೇ ಹೇಳಿದ್ದ. ಮಾವನ ಮಾತಿಗಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಹೆಜ್ಜೆಯ ಸದ್ದು ಮೂರನೆಯ ತಗಡಿನ ಕಡೆ ಬಂತು. ಕೋಲು ಎತ್ತಿಯೇ ಇತ್ತು. ಒಂದು ಉಸಿರು, ಎರಡು ಉಸಿರು, ಇಂದಿಗೂ ಎಣಿಸುತ್ತೇನೆ. ಬೀಳಲಿ ಎಂದು ಬಯಸಲಿಲ್ಲ. ಒಮ್ಮೆ ಬೆಚ್ಚಿಬೀಳಲಿ ಎಂದುಕೊಂಡೆನೋ ಏನೋ.

ತಗಡು ಹಳೆಯ ಬಟ್ಟೆಯ ಹಾಗೆ ಹರಿಯಿತು. ಅವನ ಎರಡು ಕಾಲುಗಳು ಒಳಗೆ ಬಂದು ನೇತಾಡಿದವು. ಕಂಕುಳು ಮರಕ್ಕೆ ಸಿಕ್ಕಿ ನಿಂತಿದ್ದ. ಕೆಳಗೆ ಕಲ್ಲಿನ ನೆಲ. ಬಿಸಿ ಡಾಂಬರಿನ ಬಾಲ್ದಿ ಅವನ ಬಲಗೈ ಮೇಲೆ ಮಗುಚಿತ್ತು. ನಾನು ಪಕ್ಕದ ಚೀಲಗಳ ಅಟ್ಟಿ ಹತ್ತಿ, ಅಂಚಿನಲ್ಲಿ ನಿಂತು, ಅವನ ಪಾದಗಳಿಗೆ ಹೆಗಲು ಕೊಟ್ಟೆ. ಏಣಿ ಬರುವವರೆಗೆ ಅವನ ಭಾರ ನನ್ನ ಹೆಗಲ ಮೇಲಿತ್ತು.

ನಾನಿಲ್ಲದಿದ್ದರೆ ಅವನು ಉಳಿಯುತ್ತಿರಲಿಲ್ಲ ಎಂದು ಮಾವ ಬಂದವರಿಗೆಲ್ಲ ಹೇಳಿದರು. ಊಟದ ಹೊತ್ತಿಗೆ ಮೊದಲು ನನ್ನ ಕಡೆ ನೋಡಿದರು.  ಪ್ರತಿ ರಾತ್ರಿ ಕಣ್ಣು ಮುಚ್ಚಿದರೆ ತಗಡು ಹರಿಯುವ ಸದ್ದು. ಪಕ್ಕದ ಚಾಪೆಯಲ್ಲಿ ಸುಟ್ಟ ಕೈ ಎದೆಯ ಮೇಲಿಟ್ಟು ಅವನು ಗೊರಕೆ ಹೊಡೆಯುತ್ತಿದ್ದ. ಆ ನಿದ್ರೆಯ ಮೇಲೂ ನನಗೆ ಹೊಟ್ಟೆಕಿಚ್ಚು.

ಎರಡು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ ಅವನ ಕೈಗೆ ಎಣ್ಣೆ ಹಚ್ಚುತ್ತಿದ್ದಾಗ, ಹೇಳಿಬಿಟ್ಟೆ: “ಆ ತಗಡು ನನಗೆ ಗೊತ್ತಿತ್ತು. ಕುಟ್ಟಲಿಲ್ಲ.”

“ಮರೆತದ್ದಾ?”

“ಅಲ್ಲ.”

ಅವನು ಕೈ ಎಳೆದುಕೊಂಡ. ಎದ್ದು ಅಂಗಳದ ಅಂಚಿಗೆ ಹೋಗಿ ಗೋದಾಮಿನ ಮಾಡು ನೋಡಿದ.

“ಮಾಡು ಅರ್ಧ ಬಾಕಿ ಉಂಟು” ಎಂದ. “ನಾಳೆ ನೀನು ಮೇಲೆ ಹತ್ತು. ಕೋಲು ನಾನು ಹಿಡಿಯುತ್ತೇನೆ.” ಅಣ್ಣ ಎನ್ನಲಿಲ್ಲ.

ಮರುದಿನ ಹತ್ತಿದೆ. ಕಾಲ ಕೆಳಗೆ ಎಲ್ಲವೂ ಒಂದೇ ಕಪ್ಪು.  ಒಳಗೆ ಅವನೊಬ್ಬನೇ ಇದ್ದ, ಎಡಗೈಯಲ್ಲಿ ಕೋಲು ಹಿಡಿದು. ಒಂದು ಪೆಟ್ಟು, ಬಾಗಿ ಗೋಣಿ ಹಚ್ಚಿದೆ. ಇನ್ನೊಂದು. ಮುಂದಿನ ತಗಡಿಗೆ ಕಾಲೆತ್ತುವ ಮೊದಲೇ ಮೂರು ಪೆಟ್ಟು, ಗಟ್ಟಿಯಾಗಿ. ನಿಂತೆ. ಸಂಜೆಯವರೆಗೆ ಅವನು ಒಂದು ಸಲವೂ ತಡಮಾಡಲಿಲ್ಲ. ಇವನಿಗೆ ಇದು ಸಾಧ್ಯವಾಯಿತಲ್ಲ ಎಂದು ಆ ಮಾಡಿನ ಮೇಲೆಯೇ ನನಗೆ ಮತ್ತೆ ಕಿಚ್ಚು ಹತ್ತಿತು.

ಇಳಿದು ಬಂದಾಗ ಅವನು ಕಾಲಿಗಂಟಿದ ಡಾಂಬರು ಒರೆಸಿಕೊಳ್ಳಲು ಸೀಮೆಎಣ್ಣೆಯ ಬಟ್ಟೆ ಎಸೆದು ಹೋದ. ಮಾವನಿಗೆ ಅವನು ಎಂದೂ ಹೇಳಲಿಲ್ಲ. ನಾನು ಮಾಡು ಹತ್ತಿದ ಆ ದಿನ ಮಂಗಳವಾರ. ಎರಡು ವಾರದ ಮೇಲೆ ಮೊದಲ ಸಲ, ಆ ರಾತ್ರಿ ಮಲಗಿದ ನಾನು ಬೆಳಗಾಗುವವರೆಗೆ ಎಚ್ಚರಗೊಳ್ಳಲಿಲ್ಲ.