ಮೀನಖಂಡದ ಗಂಟು ಮತ್ತು ನನ್ನ ಕಾಲು

ನಾನು ಅಮ್ಮನ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಆದರೆ ತಿರುಪ್ಪೂರಿನ ನಮ್ಮ ಬೀದಿ ಹಾಗೆ ತಿಳಿದಿಲ್ಲ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಉಳುಕು ಬಿಡುತ್ತದಂತೆ. ಮೂಢನಂಬಿಕೆಯನ್ನು ಖಂಡಿಸಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ನಮ್ಮ ಕಪಾಟಿನಲ್ಲಿವೆ. ಅವುಗಳ ಮುಂದೆಯೇ ನೆರೆಯವರು ಚಾಪೆ ಹಾಸಿ ಬೆನ್ನು ಕೊಟ್ಟು ಮಲಗುತ್ತಾರೆ. ತುಳಿಯುತ್ತೇನೆ. ಇಲ್ಲವೆಂದರೆ ಅಮ್ಮ ತಟ್ಟೆ ಇಡುವ ಸದ್ದೇ ಬೇರೆಯಾಗುತ್ತದೆ.

ಉಳುಕು ಹೇಗೂ ಮೂರು ದಿನದಲ್ಲಿ ತಾನೇ ಬಿಡುತ್ತದೆ, ಕೀರ್ತಿ ನನ್ನ ಕಾಲಿಗೆ. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ಸಮಾಧಾನ ಮಾಡಿಕೊಂಡಿದ್ದೆ, ಸರೋಜತ್ತೆ ಬರುವ ತನಕ.

ಅತ್ತೆಗೆ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ. ಅರ್ಜೆಂಟ್ ಆರ್ಡರೆಂದು ವಾರವಿಡೀ ಮೆಷಿನ್ ಬಿಟ್ಟು ಎದ್ದಿರಲಿಲ್ಲ. ಬಲಗಾಲಿನ ಮೀನಖಂಡದಲ್ಲಿ ಗಂಟು, ನೋವು. ಕನ್ನಡದಲ್ಲಿ ಆ ಜಾಗ ಮೀನು. ತಮಿಳಿನಲ್ಲಿ ಕೆಂಡೆ, ಅದೂ ಒಂದು ಮೀನೇ. ನಮ್ಮ ಮನೆಯ ಎರಡು ಭಾಷೆಗಳು ತಕರಾರಿಲ್ಲದೆ ಒಪ್ಪಿದ ವಿಷಯ ಇದೊಂದೇ ಇರಬೇಕು. ಅತ್ತೆಯ ಮೀನು ಮಾತ್ರ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ.

"ಸುಳುಕ್ಕು ಕಣೇ, ಬರೀ ಉಳುಕು. ಒಂದ್ ತುಳಿ ತುಳಿದ್ಬಿಡು," ಅಂದರು. ಜೊತೆಗೆ ಕಾಂಗೇಯಂ ಗಾಣದ ಕೊಬ್ಬರಿ ಎಣ್ಣೆಯನ್ನೂ ತಂದಿದ್ದರು.

ನಾನು ವಾದಕ್ಕೆ ನಿಂತೆ. ಸ್ನಾಯು ಹಿಡಿದುಕೊಂಡಿರಬಹುದು, ಎಳೆ ಹರಿದು ಒಳಗೆ ರಕ್ತ ನಿಂತಿರಬಹುದು, ಕೀವು ಕಟ್ಟಿರಬಹುದು. ಆದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತುಳಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಒಂದೇ ಕಾಲು ಊದಿ ಬಿಸಿಯಾಗಿದೆ, ಇವತ್ತೇ ಡಾಕ್ಟರಿಗೆ ತೋರಿಸಬೇಕು. ತೀರ್ಪುಗಾರರಿದ್ದರೆ ಮೊದಲ ಬಹುಮಾನ ನನ್ನದೇ.

"ಮಾತು ಚೆನ್ನಾಗಿದೆ. ಈಗ ಕಾಲಿಡು," ಅಂದರು ಅತ್ತೆ. "ನಾನು ಆಸ್ಪತ್ರೆಲಿ ಕೂತ್ರೆ ಮೆಷಿನ್ ಯಾರು ಓಡಿಸ್ತಾರೆ, ನಿನ್ನ ಕಪ್‌ಗಳಾ?"

ಅಮ್ಮ ಆಗಲೇ ಚಾಪೆ ಹಾಸಿಯಾಗಿತ್ತು. ನಾನು ಒಲ್ಲೆನೆಂದರೆ ಪಕ್ಕದ ಬೀದಿಯಲ್ಲಿ ಎಣ್ಣೆ ಹಚ್ಚಿ ತಿಕ್ಕುವವರಿದ್ದಾರೆ. ಆಗ ಮಾಡಿದ್ದನ್ನು ನಿಮಗೆ ಮಾತ್ರ ಹೇಳುತ್ತೇನೆ: ಜೀವನದಲ್ಲಿ ಮೊದಲ ಸಲ ಎದುರು ಪಕ್ಷದಲ್ಲಿ ನಿಂತು ವಾದಿಸಿದೆ. ಕಾಲೆತ್ತಿದೆ. ಗಂಟಿಗೆ ತಾಗಿಸದೆ ಗಾಳಿಯಲ್ಲೇ ನಿಲ್ಲಿಸಿ ಕಣ್ಣು ಮುಚ್ಚಿದೆ. ಮೆಲ್ಲಗೆ ಹಿಂದೆ ತೆಗೆದುಕೊಂಡೆ.

"ಅತ್ತೆ, ಕಾಲು ಬೇಡ ಅಂತಿದೆ. ಇದು ಸುಳುಕ್ಕಲ್ಲ. ಯಾರ ಕೈಯೂ ತಾಗಬಾರದಂತೆ."

ಅತ್ತೆಯ ಮುಖ ಬಿಳುಚಿತು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು. ಸ್ಕ್ಯಾನಿನಲ್ಲಿ ಕಂಡದ್ದು ಹೆಪ್ಪುಗಟ್ಟಿದ ರಕ್ತವೇ.

"ತಿಕ್ಕಿಸಿಲ್ಲ ತಾನೆ?" ಡಾಕ್ಟರಮ್ಮ ಕೇಳಿದರು.

"ಇವಳ ಕಾಲು ಬಿಡಲಿಲ್ಲ," ಎಂದು ಅತ್ತೆ ಹೆಮ್ಮೆಯಿಂದ ನನ್ನ ಪಾದ ತೋರಿಸಿದರು. ನಾನು ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

ಅತ್ತೆ ಈಗ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ, ಗಂಟೆಗೊಮ್ಮೆ ಮೆಷಿನ್ ಬಿಟ್ಟು ನಾಲ್ಕು ಹೆಜ್ಜೆ ಹಾಕುತ್ತಾರೆ. ಡಾಕ್ಟರಮ್ಮ ಹೇಳಿದ್ದನ್ನೇ ಕಾಲಿನ ಅಪ್ಪಣೆಯೆಂದು ನಾನು ಇನ್ನೊಮ್ಮೆ ಹೇಳಬೇಕಾಯಿತು. ಮುಂದಿನ ತಿಂಗಳು ಕೊಯಮತ್ತೂರಿನಲ್ಲಿ ಮತ್ತೆ ಮೂಢನಂಬಿಕೆಯ ವಿರುದ್ಧ ಮಾತಾಡಬೇಕು. ಕೇಳಲು ಅತ್ತೆಯೂ ಬರುತ್ತಾರಂತೆ. ಎದುರು ಪಕ್ಷಕ್ಕೆ ಅಂಥ ಸಾಕ್ಷಿ ಸಿಕ್ಕರೆ ನಾನು ಸೋಲುವುದು ಖಂಡಿತ. ಸೋತರೆ ಸೋತೆ. ಸಾಕ್ಷಿ ನಡೆದುಕೊಂಡು ಬರುತ್ತಿದೆಯಲ್ಲ.