ಬಳಿ ಸಪ್ಪಳದಾಕಿ

ಇಪ್ಪತ್ತೆರಡು ವರ್ಷ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹುಡುಕಬೇಕಾಗಿರಲಿಲ್ಲ. ನಾನೆಲ್ಲಿದ್ದೇನೆಂದು ಎದೆಯೇ ಸುಯ್‌ ಸುಯ್‌ ಎಂದು ಸಾರುತ್ತಿತ್ತು. ಅಸ್ತಮಾದ ಕಾಟ ಒಂದು ಕಡೆ, ಅದಕ್ಕೆಂದು ನುಂಗಿದ ಸ್ಟಿರಾಯ್ಡ್ ಮಾತ್ರೆಗಳ ಕಾಟ ಇನ್ನೊಂದು ಕಡೆ. ಮುಖ ಊದಿ ನಾದಿಟ್ಟ ಕಣಕದಂತಾಗಿತ್ತು. ಗಾಜಿನ ಬಳೆಗಳು ಮುಂಗೈಯಲ್ಲಿ ಹೂತು ಸದ್ದು ಮಾಡುವುದನ್ನೇ ಬಿಟ್ಟಿದ್ದವು.

ಅತ್ತೆಗೆ ಕಣ್ಣು ಹೋಗಿ ಆರು ವರ್ಷ. ತಳೇಗಾಂವದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವರು ನನ್ನ ಗುರುತು ಹಿಡಿಯುತ್ತಿದ್ದದ್ದು ಈ ಏದುಸಿರಿನಿಂದ, ಭಾರದ ಹೆಜ್ಜೆಯಿಂದ. ಇಂಜಿನ್ ಬಂತು ಎಂದು ಚೇಷ್ಟೆ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕೈ ನಡುಗುವ ಅವರಿಗೆ ತುತ್ತು ಕೊಡುವವಳು ನಾನೇ ಆಗಬೇಕಿತ್ತು, ಬೇರೆಯವರ ಕೈಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಪುಣೆಯ ಡಾಕ್ಟರು ಬಯಾಲಜಿಕ್ ಎಂಬ ಚುಚ್ಚುಮದ್ದು ಶುರು ಮಾಡಿದರು. ತಿಂಗಳಿಗೊಮ್ಮೆ ಲೋಕಲ್ ರೈಲು ಹತ್ತಿ ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಉಸಿರು ಹದಕ್ಕೆ ಬಂದಂತೆ ಅವರು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಅದರ ಹಿಂದೆಯೇ ತೂಕವೂ ಇಳಿಯಿತು. ಈ ಮದ್ದು ನನ್ನನ್ನು ಕರಗಿಸುತ್ತಿದೆಯೇ ಎಂದು ಕೇಳಿದೆ. ಇಲ್ಲ, ಮಾತ್ರೆ ತಂದಿಟ್ಟ ಮೈ ಹೋಗುತ್ತಿದೆ ಅಷ್ಟೇ ಎಂದರು. ಎಲ್ಲರಿಗೂ ಹೀಗಾಗುವುದಿಲ್ಲವಂತೆ, ಕೆಲವರು ಹಸಿವು ಹೆಚ್ಚಿ ದಪ್ಪವೂ ಆಗುತ್ತಾರಂತೆ. ವರ್ಷದಲ್ಲಿ ಹದಿನಾಲ್ಕು ಕಿಲೋ ಹೋಯಿತು. ಮೆಟ್ಟಿಲು ಹತ್ತಿ ಬಂದರೂ ನನ್ನ ಉಸಿರು ನನಗೇ ಕೇಳುತ್ತಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

ಅಷ್ಟರಲ್ಲಿ ಅತ್ತೆಗೆ ವಯಸ್ಸಿನ ಅರಳುಮರಳು ಶುರುವಾಗಿತ್ತು. ಒಂದು ಮಧ್ಯಾಹ್ನ ತಟ್ಟೆ ಹಿಡಿದು ಎದುರು ಕೂತಾಗ ಮುಖ ಎತ್ತಿದರು.

"ಯಾರವಾ ನೀ?"

"ನಾನರಿ ಅತ್ತಿ, ನಿಮ್ಮ ಸೊಸಿ."

"ನಮ್ಮ ಸೊಸಿ ದನಿ ಚೊಲೋ ಕಲ್ತೀ," ಎಂದು ಬಾಯಿ ಮುಚ್ಚಿಕೊಂಡರು.

ಗಂಡ ಅವರ ಕೈ ಹಿಡಿದು ನನ್ನ ಮುಖ ಮುಟ್ಟಿಸಿದರು. ಕೆನ್ನೆಯ ಎಲುಬು ತಗುಲಿದ್ದೇ ತಡ, ಬಿಸಿ ಹಂಚು ಮುಟ್ಟಿದವರಂತೆ ಕೈ ಎಳೆದುಕೊಂಡರು. ಸಡಿಲಾದ ಬಳೆಗಳು ಈಗ ನಾನು ಅಲುಗಾಡಿದರೆ ಸಾಕು, ಸದ್ದು ಮಾಡುತ್ತಿದ್ದವು. ಆ ಸದ್ದಿಗೆ ಅವರು ಗೋಡೆಗೆ ಒತ್ತಿ ಕೂರುತ್ತಿದ್ದರು. ಬಳಿ ಸಪ್ಪಳದಾಕಿ ಎಂದು ನನಗೊಂದು ಹೆಸರನ್ನೂ ಇಟ್ಟರು. ಮಗ ಉಣಿಸಿದರೆ ಎರಡು ತುತ್ತು, ಆಮೇಲೆ ಸೊಸೆ ಬರಲಿ ಎಂಬ ಹಟ. ನನ್ನ ತೂಕ ಒಂದು ಕಡೆ ನಿಂತಿತು, ಅವರದು ಇಳಿಯತೊಡಗಿತು. ಹೀಗೇ ಆದರೆ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಕೊನೆಗೆ ಒಂದು ದಿನ ಬೆಳಿಗ್ಗೆ ನಾನೇ ಸೋತೆ. ಬಳೆ ತೆಗೆದಿಡಲು ಮನಸ್ಸು ಒಪ್ಪಲಿಲ್ಲ. ರೊಟ್ಟಿ ಹಿಟ್ಟು ನಾದುವಾಗ ಏರಿಸುವಂತೆ ಮೊಣಕೈಯವರೆಗೆ ಏರಿಸಿ ಬಿಗಿ ಮಾಡಿದೆ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಗಂಟಲು ಬಿಗಿದು ಸುಯ್‌ ಎಂದೆ. ಇಪ್ಪತ್ತೆರಡು ವರ್ಷ ಶಪಿಸಿದ ಸದ್ದು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ಮೈ ಜುಮ್ಮೆಂದಿತು. ಹೆಜ್ಜೆಗಳನ್ನು ಭಾರವಾಗಿ ಇಡುತ್ತ ಹೋಗಿ ಕೂತೆ.

ಅತ್ತೆಯ ಕಣ್ಣಲ್ಲಿ ನೀರು ಬಂತು. "ಬಂದಿ ಏನವಾ? ಇಷ್ಟು ದಿನಾ ಎಲ್ಲಿ ಹೋಗಿದ್ದಿ?"

ನನಗೂ ಅಳು ಬಂತು. ಬಾಯಿ ಬಿಟ್ಟರೆ ಕೆಡುತ್ತದೆಂದು ಸುಯ್ಗುಡುತ್ತಲೇ ತುತ್ತು ಕೊಟ್ಟೆ. ಒಂದು ಉಂಡರು, ಎರಡು ಉಂಡರು, ಗಬಗಬನೆ ಐದಾರು ತುತ್ತು ಉಂಡರು. ಮುಂದಿನ ತುತ್ತಿಗೆ ಕೈ ಇಳಿಸಿದಾಗ ಬಳೆಗಳು ಜಾರಿ ಮುಂಗೈಗೆ ಬಂದು ಝಣ್ ಎಂದವು.

ಅತ್ತೆ ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡರು. ಅವರ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ಅಳ್ಳಾಡಬ್ಯಾಡ. ಆಕಿ ಬಂದ್ಲು. ನಿನ್ನ ಹಿಂದನ ನಿಂತಾಳ."

ಹಿಂದೆ ಯಾರಿದ್ದಾರು, ಎಲ್ಲ ಗೊತ್ತಿದ್ದವಳು ನಾನು. ಆದರೂ ಉಸಿರು ಬಿಗಿಹಿಡಿದು ತಿರುಗಿ ನೋಡಿದೆ.