ಸೋಫಾ ಮೇಸ್ತ್ರಿ ಸಹಿ ಹಾಕಿದ್ದು

ಸೋಫಾ ಮೇಸ್ತ್ರಿಯ ಅಂಗಡಿಯಲ್ಲಿ ಅವನದು ಅಂತ ಒಂದು ಸ್ಟೂಲೂ ಇರಲಿಲ್ಲ. ಬಂದವರು ಕೂರುತ್ತಿದ್ದುದೆಲ್ಲ ಬೇರೆಯವರ ಸೋಫಾದ ಮೇಲೆ. ಡಾಕ್ಟರಮ್ಮನ ಮನೆಯ ಮೂರು ಸೀಟಿನ ಸೋಫಾ, ಹೋಟೆಲಿನವನ ಹರಿದ ಬೆಂಚು, ಯಾರದೋ ಕೆಂಪು ದಿವಾನ, ಎಲ್ಲವೂ ರಿಪೇರಿಗೆಂದು ಬಂದು ತಿಂಗಳುಗಟ್ಟಲೆ ಬೇರುಬಿಟ್ಟವು. ಕೆಲಸದಲ್ಲಿ ಅವನ ಕೈಗೆ ಸಾಟಿ ಇರಲಿಲ್ಲ, ಆ ಮಾತು ಬೇರೆ. ಅವನು ತುಂಬಿದ ಕುಶನ್ನು ವರ್ಷಗಟ್ಟಲೆ ಕೂತರೂ ಹಳ್ಳ ಬೀಳುತ್ತಿರಲಿಲ್ಲ. ಆದರೆ ಹೇಳಿದ ದಿನಕ್ಕೆ ಕೊಟ್ಟ ಅನ್ನುವ ಮಾತು ಆ ಬೀದಿಯಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಯಾರು ಕೇಳಿದರೂ "ನಾಳೆ ಬನ್ನಿ" ಅನ್ನುತ್ತಿದ್ದ. ಹಾಗಾಗಿ 'ನಾಳೆ ಮೇಸ್ತ್ರಿ' ಎಂದೇ ಅವನಿಗೆ ಹೆಸರು ಬಿದ್ದಿತ್ತು.

ಸೋಮಾರಿ ಅನ್ನಬೇಡಿ, ಪಾಪ ತಟ್ಟೀತು. ಬೆಳಗ್ಗೆ ಶಟರ್ ಎತ್ತಿದನೆಂದರೆ ಕತ್ತಲಾಗುವ ತನಕ ಸುತ್ತಿಗೆ ಕೆಳಗಿಡುವ ಆಸಾಮಿಯಲ್ಲ ಅವನು. ಅವನ ಕಾಯಿಲೆಯೇ ಬೇರೆ. ಕೆಲಸ ಮುಗಿದರೆ ಜನ ತಮ್ಮ ಸಾಮಾನು ಎತ್ತಿಕೊಂಡು ಹೋಗಿಬಿಡುತ್ತಾರೆ. ಮುಗಿಯದಿದ್ದರೆ ಬರುತ್ತಾರೆ, ಬೈಯುತ್ತಾರೆ, ಬೈದು ಸುಸ್ತಾಗಿ ಕೂತು ಟೀ ಕುಡಿಯುತ್ತಾರೆ, ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಅವನಿಗೆ ಬೇಕಾಗಿದ್ದುದು ಅದು.

ಈ ಚಾಳಿಯನ್ನು ಮನೆಗೂ ಹೊತ್ತುಕೊಂಡು ಹೋದದ್ದೇ ಎಡವಟ್ಟಾಯಿತು. ಸೋರುವ ನಲ್ಲಿ ನಾಳೆ, ಮಗಳ ಶಾಲೆಯ ಮೀಟಿಂಗು ನಾಳೆ, ಜ್ವರದ ಔಷಧಿಯೂ ನಾಳೆ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು, ಹೇಳಿದ ಹೊತ್ತಿಗೆ ರಿಪೋರ್ಟ್ ಕೊಟ್ಟು ರೂಢಿಯಾದವಳು. ಎಷ್ಟು ದಿನ ಅಂತ ಹಲ್ಲು ಕಚ್ಚಿಕೊಂಡಿರುತ್ತಾಳೆ? ಒಂದು ದಿನ ಮಗಳ ಕೈ ಹಿಡಿದುಕೊಂಡು ತವರಿಗೆ ಹೋದಳು. ಕೋರ್ಟಿನಲ್ಲಿ ಕಿತ್ತಾಟವೇನೂ ಇಲ್ಲದೆ ವಿಚ್ಛೇದನವಾಯಿತು. ತಿಂಗಳಿಗೊಂದು ಭಾನುವಾರ ಅಪ್ಪ ಮಗಳನ್ನು ನೋಡಬಹುದು ಎಂದಾಯಿತು. ಪುಣ್ಯಾತ್ಮ ಆ ಭಾನುವಾರವನ್ನೂ ಮುಂದೆ ಹಾಕುತ್ತಾ ಬಂದ. ಹುಡುಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾದು ಕಾದು ಕೊನೆಗೆ ಕಾಯುವುದನ್ನೇ ಬಿಟ್ಟಳು. ಆಮೇಲೆ ಅವನಿಗೆ ಬುದ್ಧಿ ಬಂತು, ಆದರೆ ಹೋಗಿ ಯಾವ ಮುಖ ತೋರಿಸುವುದು? ನಾಚಿಕೆಯಲ್ಲೇ ಒಂದು ವರ್ಷ ಕಳೆದುಹೋಯಿತು.

ಅಂಥ ಮಗಳು ಒಂದು ಸಂಜೆ ತಾನಾಗಿ ಅಂಗಡಿಗೆ ಬಂದಳು. ಮೇಸ್ತ್ರಿ ಆಗ ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು ಡಾಕ್ಟರಮ್ಮನ ಸೋಫಾದ ಬೆನ್ನಿಗೆ ಬಟ್ಟೆ ಬಿಗಿಯುತ್ತಿದ್ದ. ಹದಿಮೂರರ ಹುಡುಗಿ, ಅವನ ಭುಜದವರೆಗೆ ಬೆಳೆದುಬಿಟ್ಟಿದ್ದಾಳೆ. ಮಾತಾಡೋಣವೆಂದರೆ ಬಾಯಲ್ಲಿ ಮೊಳೆ.

"ಅಮ್ಮ ಕಳಿಸಿದ್ದು," ಎಂದಳು ಅವಳು, ನಿಂತೇ. "ಸ್ಕೂಲಿಂದ ಬೇರೆ ದೇಶಕ್ಕೆ ಕಳಿಸ್ತಿದ್ದಾರೆ, ಮೂರು ವಾರ, ಭಾಷೆ ಕಲಿಯೋ ಕೋರ್ಸು. ನಮ್ಮ ಕ್ಲಾಸಲ್ಲಿ ನಾನೊಬ್ಬಳೇ ಆಯ್ಕೆ ಆಗಿರೋದು. ವೀಸಾ ಬೇಕು. ದೊಡ್ಡವರಾದ್ರೆ ಇಷ್ಟೆಲ್ಲ ಇಲ್ಲ, ಮಕ್ಕಳು ಅಂದ್ರೆ ಅಪ್ಪ ಅಮ್ಮ ಇಬ್ಬರೂ ಒಪ್ಪಿಗೆ ಪತ್ರ ಕೊಡಬೇಕಂತೆ, ನೋಟರಿ ಮುಂದೆ ಸಹಿ ಹಾಕಿ. ಅಮ್ಮಂದು ಆಯ್ತು."

ಮೇಸ್ತ್ರಿ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. ಮಗಳು ಯಾವ ಶಾಲೆಗೆ ಸೇರಬೇಕು, ಯಾವ ಡಾಕ್ಟರಿಗೆ ತೋರಿಸಬೇಕು, ಇಷ್ಟು ವರ್ಷ ಯಾರೂ ಅವನನ್ನು ಕೇಳಿರಲಿಲ್ಲ. ಈಗ ನೋಡಿದರೆ ಯಾವುದೋ ಕಾಣದ ದೇಶದ ಸರ್ಕಾರ, ನಿನ್ನ ಮಗಳನ್ನು ಕಳಿಸುತ್ತೀಯೇನಪ್ಪ ಎಂದು ಮನೆಬಾಗಿಲಿಗೆ ಬಂದು ಕೇಳುತ್ತಿದೆ. ಅವನಿಗೆ ಹೆಮ್ಮೆಯಾಯಿತು. ಹೇಳಬೇಕಾದ ಮಾತು ನೂರಿದ್ದವು. ಬಾಯಿಂದ ಬಂದದ್ದು ಮಾತ್ರ ಹಳೇ ರಾಗವೇ. "ಪತ್ರ ಇಟ್ಟು ಹೋಗಮ್ಮ. ನಾಳೆ ಬಾ."

ಅವಳು ಮರುದಿನ ಬಂದಳು. ಅವಳನ್ನು ಕಂಡಾಗಲೇ ಅವನಿಗೆ ಹೊಳೆದದ್ದು: ಅರೆ, ಇವಳೂ ಬರುತ್ತಾಳಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಸಬೂಬುಗಳ ಸುರಿಮಳೆ. ಗುರುತಿನ ಚೀಟಿ ಎಲ್ಲೋ ಇಟ್ಟು ಮರೆತಿದ್ದೇನೆ. ಚೀಟಿ ಸಿಕ್ಕಿತು, ಅದರ ಜೆರಾಕ್ಸು ಮಸುಕಾಗಿದೆ. ಜೆರಾಕ್ಸು ಸರಿಹೋಯಿತು, ನೋಟರಿ ಊರಲ್ಲಿಲ್ಲ. ಆ ನೋಟರಿ ಮಹಾಶಯ ಎದುರುಗಡೆ ಕಟ್ಟಡದ ಮೊದಲ ಮಹಡಿಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ನೊಣ ಹೊಡೆಯುತ್ತ ಕೂತಿದ್ದ. ಹುಡುಗಿ ಒಮ್ಮೆ ಆ ಕಿಟಕಿಯನ್ನು, ಒಮ್ಮೆ ಅಪ್ಪನನ್ನು ನೋಡಿದಳು. ಕೆಂಪು ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೋಂವರ್ಕ್ ತೆಗೆದಳು.

ದಿನಾ ಶಾಲೆ ಬಿಟ್ಟವಳೇ ಬರುತ್ತಿದ್ದಳು. ಕೋರ್ಸಿಗೆ ಹೋಗುವ ಮುಂಚೆ ಒಂದಿಷ್ಟು ಮಾತು ಬಾಯಿಪಾಠ ಮಾಡಿರಬೇಕಂತೆ, ಅದನ್ನು ಅಪ್ಪನಿಗೂ ಹೇಳಿಕೊಟ್ಟಳು. ನನಗೆ ದಾರಿ ತಪ್ಪಿದೆ. ದಯವಿಟ್ಟು ನಿಧಾನವಾಗಿ ಹೇಳಿ. ಮೇಸ್ತ್ರಿ ಬಾಯಲ್ಲಿ ಮೊಳೆ ಇಟ್ಟುಕೊಂಡೇ ಆ ಪರಭಾಷೆ ನುಡಿದರೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನೀನು ಹೀಗೆ ಕೇಳಿದ್ರೆ ದಾರಿ ತೋರಿಸಲ್ಲ ಅಪ್ಪ, ಸೀದಾ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರೆ."

ಅವಳು ಹೋದ ಮೇಲೆ ಪತ್ರವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಸಹಿ ಹಾಕುವುದು ಎಷ್ಟು ಹೊತ್ತಿನ ಕೆಲಸ? ಹಾಕಿದರೆ ಅವಳು ತಗೊಂಡು ಹೋಗುತ್ತಾಳೆ. ಮತ್ತೆ ಯಾಕೆ ಬರುತ್ತಾಳೆ? ಬರಲು ಅವಳಿಗೇನು ಬಿದ್ದಿದೆ? ತಾನು ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪತ್ರವನ್ನು ಬಟ್ಟೆಯ ಥಾನಿನ ಕೆಳಗಿಟ್ಟು ಮನೆಗೆ ಹೋಗುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ ಹೆಂಡತಿಯೇ ಬಂದಳು, ಲ್ಯಾಬಿನ ಬಿಳಿ ಕೋಟೂ ಬಿಚ್ಚಿರಲಿಲ್ಲ.

"ನಾಳೆ ಬೆಳಗ್ಗೆ ವೀಸಾ ಆಫೀಸಲ್ಲಿ ಸಮಯ ಕೊಟ್ಟಿದ್ದಾರೆ," ಎಂದಳು. "ಅದು ತಪ್ಪಿದ್ರೆ ಮುಂದಿನದು ಸಿಗೋಷ್ಟರಲ್ಲಿ ಕೋರ್ಸೇ ಶುರುವಾಗಿರುತ್ತೆ. ನನಗೆ ಮಾಡಿದ್ದನ್ನ ನಾನು ನುಂಗಿಕೊಂಡೆ. ಅವಳಿಗೂ ಅದನ್ನೇ ಮಾಡ್ತೀಯಾ?"

ಮೇಸ್ತ್ರಿ ಬಟ್ಟೆಯ ಥಾನಿನ ಕೆಳಗಿಂದ ಪತ್ರವನ್ನು ಎಳೆದು ತೆಗೆದ.

"ಅವಳನ್ನ ಕೇಳಿದ್ರೆ, ಪಾಪ ಅಪ್ಪಂಗೆ ಕೆಲಸ ಜಾಸ್ತಿ ಅಂತಾಳೆ. ನೋಟರಿ ಎದುರಿಗೇ ಇರೋ ವಿಷಯಾನ ನನ್ನಿಂದ ಬಚ್ಚಿಟ್ಟಿದ್ದಾಳೆ. ಯಾಕೆ ಹೀಗೆ ಮಾಡ್ತಿದ್ದೀಯ? ಇವತ್ತಾದ್ರೂ ಬಾಯ್ಬಿಡು."

"ಸಹಿ ಹಾಕಿಬಿಟ್ರೆ ಅವಳು ಬರೋದು ನಿಂತುಹೋಗುತ್ತೆ," ಎಂದ ಅವನು.

ಹೆಂಡತಿ ಹೋಟೆಲಿನವನ ಬೆಂಚಿನ ಮೇಲೆ ಧೊಪ್ಪನೆ ಕೂತಳು. "ಅದನ್ನ ಬಾಯಿಬಿಟ್ಟು ಕೇಳೋಕೆ ನಿನಗೇನು ರೋಗ ಬಡಿದಿತ್ತು?"

"ಕೇಳೋ ಮುಖ ಇತ್ತಾ ನನಗೆ?"

"ಇರಲಿಲ್ಲ," ಎಂದಳು ಅವಳು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ. ಬೆಂಚಿನಿಂದ ಎದ್ದಳು. "ನಡಿ, ಮೊದಲು ಸಹಿ. ನಾಳೆ ನೀನೂ ಬಾ. ಅಪ್ಪ ಅಮ್ಮ ಬೇರೆ ಬೇರೆ ಇದ್ರೆ ಕೂರಿಸಿಕೊಂಡು ಕೇಳ್ತಾರಂತೆ."

ಅಂಗಡಿಯನ್ನು ಹಾಗೇ ಬಿಟ್ಟು ಇಬ್ಬರೂ ರಸ್ತೆ ದಾಟಿದರು. ನೋಟರಿ ಮುಂದೆ ಕೂತು ಮೇಸ್ತ್ರಿ ಸಹಿ ಹಾಕಿದ. ಕಾಗದದ ಮೇಲೆ 'ತಂದೆ' ಎಂದು ಅಚ್ಚಾಗಿದ್ದ ಕಡೆ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಓಡಿತು.

ಮರುದಿನ ಆಫೀಸಿನ ಬಾಗಿಲು ತೆರೆಯುವ ಮೊದಲೇ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಮೂವರೂ ಸಾಲಾಗಿ ಸ್ಟೀಲ್ ಕುರ್ಚಿಗಳ ಮೇಲೆ ಕೂತರು, ಮಗಳು ನಡುವೆ. ಗಾಜಿನ ಹಿಂದಿದ್ದ ಅಧಿಕಾರಿಣಿ ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಗದ ತಿರುವಿದಳು. ಭಾಷಾ ಶಾಲೆಯ ಪತ್ರ, ಅಲ್ಲಿ ಉಳಿಯುವ ಮನೆಯವರ ಪತ್ರ, ಹಿಂತಿರುಗುವ ಟಿಕೆಟ್ಟು, ಎರಡು ಒಪ್ಪಿಗೆ ಪತ್ರ. ಎರಡರ ವಿಳಾಸವೂ ಬೇರೆ ಬೇರೆ. ಅಲ್ಲಿ ಅವಳ ಬೆರಳು ನಿಂತಿತು.

"ವಾಪಸ್ ಬಂದು ಯಾರ ಜೊತೆ ಇರ್ತೀಯ ಮಗು?"

"ಅಮ್ಮನ ಜೊತೆ."

"ಅಪ್ಪ?"

"ಬೇರೆ ಇದ್ದಾರೆ."

"ಅಪ್ಪನ್ನ ನೋಡ್ತಿರ್ತೀಯಾ? ಎಷ್ಟು ದಿನಕ್ಕೊಂದು ಸಲ?"

ಮೇಸ್ತ್ರಿಗೆ ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಂದೆ ಹಾಕಿದ ಭಾನುವಾರಗಳೆಲ್ಲ ಕಣ್ಣ ಮುಂದೆ ಬಂದವು. ನಿಜ ಹೇಳಿದರೆ ಮಗಳ ಪ್ರಯಾಣ ಎಲ್ಲಿ ಕೆಡುತ್ತದೋ ಎಂದು ಹೆದರಿದ. ಹೇಳಲಿ, ನನಗೆ ಆಗಬೇಕಾದದ್ದೇ ಎಂದೂ ಅಂದುಕೊಂಡ.

"ದಿನಾ," ಎಂದಳು ಹುಡುಗಿ. "ದಿನಾ ಸಂಜೆ."

ಅಧಿಕಾರಿಣಿ ತಲೆ ಎತ್ತಿ ಅಮ್ಮನ ಕಡೆ ನೋಡಿದಳು. "ಹೌದೇನಮ್ಮ?"

ಲ್ಯಾಬಿನಲ್ಲಿ ಎರಡು ಸಲ ಪರೀಕ್ಷೆ ಮಾಡದೆ ಒಂದು ಅಂಕಿಯನ್ನೂ ಬರೆದುಕೊಡದ ಹೆಂಗಸು ಅವಳು. ಗಂಡನಾಗಿದ್ದವನ ಮುಖವನ್ನು ನೋಡಿದಳು. ಮಗಳ ಮುಖವನ್ನು ನೋಡಿದಳು.

"ಹೌದು," ಎಂದಳು. "ಸ್ಕೂಲ್ ಬಿಟ್ಟ ಮೇಲೆ ಅವಳು ಹೋಗೋದು ಅವರಪ್ಪನ ಅಂಗಡಿಗೇ. ಅಲ್ಲೇ ಓದ್ಕೊಳ್ತಾಳೆ, ಆಮೇಲೆ ಮನೆಗೆ ಬರ್ತಾಳೆ."

ಅಧಿಕಾರಿಣಿ ಅದನ್ನು ಬರೆದುಕೊಂಡಳು. ಕಾಗದಗಳನ್ನು ಜೋಡಿಸಿ ಠಸ್ಸೆ ಒತ್ತಿದಳು. "ಎಲ್ಲ ಸರಿ ಇದೆ. ಚೆನ್ನಾಗಿ ಕಲಿತು ಬಾ," ಎಂದು ಹುಡುಗಿಗೆ ರಸೀದಿ ಕೊಟ್ಟಳು.

ಮಗಳು ರಸೀದಿ ಹಿಡಿದು ಮೆಟ್ಟಿಲಿಳಿದು ಮುಂದೆ ಓಡಿದಳು. ಮೇಸ್ತ್ರಿ ಮೆಟ್ಟಿಲ ಕಂಬಿ ಹಿಡಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಹೆಂಡತಿ ಪಕ್ಕದಲ್ಲೇ ನಿಂತಳು, ಮುಖ ಬೀದಿಯ ಕಡೆಗಿತ್ತು.

"ನಾನು ಸುಳ್ಳು ಹೇಳೋಳಲ್ಲ, ನಿನಗೆ ಗೊತ್ತು," ಎಂದಳು. "ಅವಳು ವಾಪಸ್ ಬಂದ ಮೇಲೆ ಅದು ನಿಜವಾಗೇ ಇರೋ ಹಾಗೆ ನೋಡ್ಕೋ."